ಚಳಿಗಾಲದ ರಾತ್ರಿಗೆ ಮೊಟ್ಟೆಯ ಸೂಪು



ಬೀದರ ನಗರವು ಸಮುದ್ರಮಟ್ಟದಿಂದ 2,000 ಅಡಿಗೂ ಮಿಕ್ಕಿದ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ಬೆಳಗಿನ ಜಾವದಲ್ಲಿ ಇಲ್ಲಿಯ ಉಷ್ಣಾಂಶವು 10 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿಯುವುದುಂಟು. ಮಾಂಜ್ರಾ ನದಿ ಹರಿಯುವ ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಹೊಲದಿಂದ ಮರಳಿದವರು ಚಳಿಗೆಂದು ಚಹಾ ಕುಡಿಯುತ್ತಾರೆ. ಮತ್ತೆ ಮತ್ತೆ ಕುಡಿಯುತ್ತಾರೆ. ಚಹಾ ಹಸಿವನ್ನು ಅಡಗಿಸುವುದೇ ಹೊರತು ದೇಹಕ್ಕೆ ಪುಷ್ಟಿ ಕೊಡುವುದಿಲ್ಲ. ಊಟದೊಡನೆ ಕುಡಿದರಂತೂ ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶವು ರಕ್ತಕ್ಕೆ ಸೇರುವುದನ್ನು ಅದು ತಡೆಯುತ್ತದೆ. ಸಂಜೆಯ ಎರಡನೆಯ ಚಹಾದ ಬದಲಾಗಿ ಮೊಟ್ಟೆಯ ಸೂಪನ್ನು ಮಾಡಿಕೊಳ್ಳುವ ಬಗೆಯನ್ನು ಇಂದು ವಿವರಿಸಲಾಗುವುದು.

ಚೀನಾ ದೇಶದಲ್ಲಿ ಇದನ್ನು ‘ಮೊಟ್ಟೆಯ ಹೂವಿನ ಸೂಪು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಕದಡಿದ ಮೊಟ್ಟೆಯನ್ನು ಕುದಿಯುವ ರಸಕ್ಕೆ ಸಣ್ಣ ಧಾರೆಯಾಗಿ ಬಿಟ್ಟಾಗ ಅದು ಎಸಳು ಎಸಳಾಗಿ ಅರಳುವುದೇ ಈ ಹೆಸರಿಗೆ ಕಾರಣ. ಪೇಟೆಯ ಹೋಟೆಲುಗಳಲ್ಲಿ ಇದಕ್ಕೆ ಕೋಳಿಯ ರಸವನ್ನೂ ಮೆಕ್ಕೆಜೋಳದ ಪಿಷ್ಟವನ್ನೂ ಬಳಸುವರು. ನಮ್ಮ ಮನೆಗಳಿಗೆ ತೊಗರಿಬೇಳೆಯ ಕಟ್ಟು ಮತ್ತು ಬಿಳಿಜೋಳದ ಹಿಟ್ಟು ಧಾರಾಳವಾಗಿ ಸಾಕು.

ನಾಲ್ವರಿಗೆ ನಾಲ್ಕು ದೊಡ್ಡ ಲೋಟ ತಿಳಿಯಾದ ಬೇಳೆಕಟ್ಟು ಬೇಕು. ಪಾತ್ರೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿಯ ನಾಲ್ಕೈದು ಎಸಳು ಹಾಗೂ ಒಂದು ತುಂಡು ಶುಂಠಿಯನ್ನು ಹುರಿದು, ಕಟ್ಟನ್ನು ಸುರಿದು ಉಪ್ಪು ಹಾಕಿರಿ. ಎರಡು ದೊಡ್ಡ ಚಮಚ ಜೋಳದ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ ಅದಕ್ಕೆ ಬೆರೆಸಿ, ಕೈಯಾಡಿಸುತ್ತ ಐದು ನಿಮಿಷ ಕುದಿಸಿರಿ. ಒಣ ಹಿಟ್ಟನ್ನು ನೇರವಾಗಿ ಬಿಸಿಗೆ ಹಾಕಿದರೆ ಗಂಟು ಕಟ್ಟುವುದು. ರಸವು ತುಸು ಗಟ್ಟಿಯಾಗಿದ್ದರೆ ಮಾತ್ರ ಮೊಟ್ಟೆಯ ಎಸಳುಗಳು ತಳಕ್ಕೆ ಕೂರದೆ ತೇಲುತ್ತವೆ. ಈಗ ಉರಿಯನ್ನು ತಗ್ಗಿಸಿ, ಬಟ್ಟಲಲ್ಲಿ ಚೆನ್ನಾಗಿ ಕದಡಿದ ನಾಲ್ಕು ಮೊಟ್ಟೆಗಳನ್ನು ಎತ್ತರದಿಂದ ನಿಧಾನವಾಗಿ ಧಾರೆ ಬಿಡಿರಿ. ಹತ್ತು ಎಣಿಸುವವರೆಗೆ ಮುಟ್ಟಬೇಡಿರಿ. ಅನಂತರ ಒಮ್ಮೆ ಮೆಲ್ಲಗೆ ತಿರುವಿ ಇನ್ನೆರಡು ನಿಮಿಷ ಬೇಯಿಸಿರಿ. ಉಳ್ಳಾಗಡ್ಡಿಯ ಹಸಿರೆಲೆ, ಕರಿಮೆಣಸಿನ ಪುಡಿ, ಇಳಿಸಿದ ಮೇಲೆ ನಿಂಬೆಯ ರಸ. ಒಡಕು ಮೊಟ್ಟೆಯನ್ನು ಬಳಸಬಾರದು. ಹಸಿ ಮೊಟ್ಟೆ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು.

ನಾಲ್ವರಿಗೆ ನಾಲ್ಕು ಮೊಟ್ಟೆ ಎಂಬ ಲೆಕ್ಕವನ್ನು ದಯಮಾಡಿ ಸಡಿಲಿಸಬೇಡಿರಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿರುತ್ತದೆ. ಅದೊಂದನ್ನೇ ಆರು ಮಂದಿಯ ಸೂಪಿಗೆ ಬಳಸಿದರೆ ಒಬ್ಬೊಬ್ಬರಿಗೆ ಸಿಗುವುದು ಅದರಿಂದ 1 ಗ್ರಾಂ ಮಾತ್ರ. ಮನೆಯಲ್ಲಿ ಒಂದೇ ಮೊಟ್ಟೆ ಇರುವ ದಿನ ಸೂಪಿನ ಯೋಚನೆಯನ್ನು ಬಿಟ್ಟು, ಅದನ್ನು ಬೇಯಿಸಿ ಗರ್ಭಿಣಿಗೋ ಹಾಲೂಡಿಸುವ ತಾಯಿಗೋ ಇಡಿಯಾಗಿ ಕೊಡುವುದು ಮೇಲು. ಇನ್ನೊಂದು ಸಂಗತಿ: ಎಸಳುಗಳು ಮೇಲೆ ತೇಲುವುದರಿಂದ ಮೊದಲು ಬಡಿಸಿಕೊಂಡವರ ಬಟ್ಟಲಿಗೆ ಅವೇ ಹೆಚ್ಚಾಗಿ ಬೀಳುತ್ತವೆ. ನಮ್ಮ ಮನೆಗಳಲ್ಲಿ ಕಡೆಗೆ ಉಣ್ಣುವವಳು ಯಾರೆಂಬುದನ್ನು ಹೇಳಬೇಕಾಗಿಲ್ಲ. ಅವಳ ಬಟ್ಟಲನ್ನು ಮೊದಲು ತುಂಬಿ ಪಕ್ಕಕ್ಕಿರಿಸಿರಿ.

ಪತಿಯಾದವರು ಈ ಸೂಪನ್ನು ತಾವೇ ಮಾಡಬಹುದು. ಬೇಳೆಕಟ್ಟು ಸಿದ್ಧವಿದ್ದರೆ ಇಪ್ಪತ್ತು ನಿಮಿಷದ ಕೆಲಸ. ರೊಟ್ಟಿ ಬಡಿಯಲು ಬಾರದವರಿಗೂ ಬರುತ್ತದೆ. ದಿನತುಂಬಿದ ಹೆಂಡತಿ ಚಳಿಯಲ್ಲಿ ಒಲೆಯ ಮುಂದೆ ಕೂರುವುದಷ್ಟಾದರೂ ತಪ್ಪೀತು. ಮೊಟ್ಟೆ ಉಷ್ಣ, ಬಸುರಿಗೆ ಆಗದು ಎಂದು ಹಿರಿಯರು ಹೇಳುವುದುಂಟು. ಹಿರಿಯರ ಕಾಳಜಿ ದೊಡ್ಡದು. ಆದರೆ ಪೂರ್ಣವಾಗಿ ಬೆಂದ ಮೊಟ್ಟೆಯು ಗರ್ಭಿಣಿಗೆ ಹಿತಕರವಾದ ಆಹಾರವೆಂದೇ ವೈದ್ಯಶಾಸ್ತ್ರದ ಮತ. ಮೊಟ್ಟೆ ತಿಂದರೆ ಮೈಯಲ್ಲಿ ದದ್ದು ಏಳುವವರು ಮಾತ್ರ ಅದನ್ನು ಬಿಟ್ಟು ವೈದ್ಯರನ್ನು ಕಾಣಬೇಕು.

2017ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಯರ ಮತ್ತು ಬಾಣಂತಿಯರ ಊಟಕ್ಕೆ ಮೊಟ್ಟೆಯನ್ನು ಸೇರಿಸಿತು. ಬೀದರ ಜಿಲ್ಲೆಯ ಶಾಲಾಮಕ್ಕಳ ಬಿಸಿಯೂಟದಲ್ಲಿ 2021ರ ಡಿಸೆಂಬರ್‌ನಿಂದ ಮೊಟ್ಟೆ ಬಂದಿತು. ಅಂಗನವಾಡಿಯಿಂದ ದೊರೆತ ಮೊಟ್ಟೆ ಆಕೆಯದು. ಅದನ್ನು ಮನೆಯ ಸೂಪಿನ ಲೆಕ್ಕಕ್ಕೆ ತರಬೇಡಿರಿ. ಮೊಟ್ಟೆಯು ಕಬ್ಬಿಣಾಂಶದ ಮಾತ್ರೆಗೆ ಬದಲಿಯೂ ಅಲ್ಲ. ಮಾತ್ರೆಯನ್ನು ಚಹಾದೊಡನೆಯಾಗಲಿ ಈ ಸೂಪಿನೊಡನೆಯಾಗಲಿ ನುಂಗದೆ ಬೇರೆ ಹೊತ್ತಿನಲ್ಲಿ ಸೇವಿಸತಕ್ಕದ್ದು.

ಮೊಟ್ಟೆ ಮುಟ್ಟದ ಮನೆತನಗಳು ನಮ್ಮಲ್ಲಿ ಬಹಳ. ಅವರು ಇದೇ ಕ್ರಮದಲ್ಲಿ ಕಟ್ಟಿನ ಬದಲು ಚೆನ್ನಾಗಿ ಬೆಂದ ಹೆಸರುಬೇಳೆಯನ್ನೇ ಕಡೆದು, ಹುರಿದ ಶೇಂಗಾದ ಪುಡಿಯನ್ನು ಸೇರಿಸಿಕೊಳ್ಳಬಹುದು. ಎಸಳು ಅರಳುವುದಿಲ್ಲ, ರುಚಿಗೆ ಕೊರತೆಯಿಲ್ಲ. ಎರಡನ್ನೂ ಮಾಡಿದ ಹೊತ್ತಿಗೇ ಬಿಸಿಬಿಸಿಯಾಗಿ ಕುಡಿದು ಮುಗಿಸಿರಿ. ಚಳಿಯಿದೆಯೆಂದು ಬೆಳಗಿನವರೆಗೆ ಇಡಬೇಡಿರಿ.