ಬುದ್ಧಿಗೂ ಕಾಯಕ ಬೇಕು

(ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಕಾಯಕವೆಂಬ ಮಾತು ನಮಗೆಲ್ಲ ಬಹಳ ಪರಿಚಿತವಾದುದು. ಆ ಮಾತನ್ನು ಕೇಳಿದೊಡನೆ ನೇಗಿಲು, ಮಗ್ಗ, ಹಗ್ಗ, ಬುಟ್ಟಿ ಮುಂತಾದವು ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಅದು ಸರಿಯೇ. ಆದರೆ ಕೈಗೆ ಕಾಯಕವಿರುವಂತೆ ಬುದ್ಧಿಗೂ ಒಂದು ಕಾಯಕವುಂಟು. ವಿಚಾರ ಮಾಡುವುದೇ ಆ ಕಾಯಕ. ಕೈ ದುಡಿಯದಿದ್ದರೆ ಹೊಟ್ಟೆಗೆ ಪರರ ಅನ್ನವನ್ನು ಬೇಡಬೇಕಾಗುತ್ತದೆ. ಬುದ್ಧಿ ದುಡಿಯದಿದ್ದರೆ ಬದುಕಿಗೆ ಪರರ ಅಭಿಪ್ರಾಯವನ್ನು ಬೇಡಬೇಕಾಗುತ್ತದೆ. ಇಂದು ನಮ್ಮ ಸಮಾಜದಲ್ಲಿ ಈ ಎರಡು ಕಾಯಕಗಳೂ ಸೊರಗುತ್ತಿವೆ. ಒಂದು ಸೊರಗಿದರೆ ಇನ್ನೊಂದು ಉಳಿಯಲಾರದು ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

"ಇದೇನು ಬುದ್ಧಿ, ಈಗಿನಷ್ಟು ವಿದ್ಯಾವಂತರು ಹಿಂದೆಂದಾದರೂ ಇದ್ದರೆ?" ಎಂದು ನೀವು ಕೇಳಬಹುದು. ಕೇಳತಕ್ಕ ಮಾತೇ ಅದು. 1951ರ ಜನಗಣತಿಯ ಕಾಲಕ್ಕೆ ನಮ್ಮ ದೇಶದಲ್ಲಿ ನೂರಕ್ಕೆ 18 ಜನ ಮಾತ್ರ ಅಕ್ಷರ ಬಲ್ಲವರಿದ್ದರು. 2011ರ ಹೊತ್ತಿಗೆ ಅದು ನೂರಕ್ಕೆ 73 ಆಯಿತು. ಹಿಂದೆ ಹೆಣ್ಣುಮಕ್ಕಳಿಗೆ ಪಾಟಿ ಹಿಡಿಯುವ ಯೋಗವಿರಲಿಲ್ಲ. ಎಷ್ಟೋ ಕುಲದವರಿಗೆ ಶಾಲೆಯ ಹೊಸ್ತಿಲು ದಾಟುವ ಅವಕಾಶವಿರಲಿಲ್ಲ. ಆ ಕಾಲವೇ ಚೆನ್ನಾಗಿತ್ತೆಂದು ಹೇಳುವವರು ಅನ್ಯಾಯವನ್ನು ಹೊಗಳಿದಂತೆ. ಆದುದರಿಂದ ನಾವು ಹಳೆಯ ಕಾಲವನ್ನು ಮರಳಿ ತರೋಣವೆನ್ನುತ್ತಿಲ್ಲ.

ಆದರೆ ಅಕ್ಷರ ಬಂದಷ್ಟು ಅರಿವು ಬಂದಿದೆಯೆ? 2022ರಲ್ಲಿ ಪ್ರಥಮ್ ಸಂಸ್ಥೆಯವರು ದೇಶದ ಹಳ್ಳಿಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದರು. ಐದನೆಯ ತರಗತಿಯ ಮಕ್ಕಳ ಕೈಗೆ ಎರಡನೆಯ ತರಗತಿಯ ಪಾಠವನ್ನು ಕೊಟ್ಟಾಗ, ಅದನ್ನು ಸರಾಗವಾಗಿ ಓದಿದವರು ಅರ್ಧಕ್ಕಿಂತ ಕಡಿಮೆ. ಶಾಲೆ ಇದೆ, ಸಮವಸ್ತ್ರವಿದೆ, ಬಿಸಿಯೂಟವಿದೆ, ಹಾಜರಿ ಇದೆ; ಓದು ಮಾತ್ರ ಹಿಂದುಳಿದಿದೆ. ಇದು ಮಕ್ಕಳ ಮಾತಾಯಿತು. ದೊಡ್ಡವರ ಸ್ಥಿತಿಯನ್ನು ಯಾರು ಸಮೀಕ್ಷೆ ಮಾಡಬೇಕು? ಪದವಿ ಪಡೆದ ದಿನದಿಂದ ಈಚೆಗೆ ಒಂದಾದರೂ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಈ ಸಭೆಯಲ್ಲಿ ಎಷ್ಟು ಮಂದಿ? ಕೈಯೆತ್ತಬೇಡಿರಿ, ನಿಮ್ಮ ನಿಮ್ಮ ಮನಸ್ಸಿನಲ್ಲಿಯೇ ಲೆಕ್ಕ ಹಾಕಿಕೊಳ್ಳಿರಿ.

ನಮ್ಮ ಶಾಸ್ತ್ರಕಾರರು ಜ್ಞಾನಕ್ಕೆ ಮೂರು ಮೆಟ್ಟಿಲುಗಳನ್ನು ಹೇಳಿದರು. ಶ್ರವಣ, ಮನನ, ನಿದಿಧ್ಯಾಸನ. ಮೊದಲು ಕೇಳುವುದು, ಬಳಿಕ ಕೇಳಿದ್ದನ್ನು ತರ್ಕಕ್ಕೆ ಒಡ್ಡಿ ತಿರುತಿರುಗಿ ಯೋಚಿಸುವುದು, ಕೊನೆಗೆ ಅದರಲ್ಲಿ ನೆಲೆನಿಂತು ಅದನ್ನು ಬಾಳಾಗಿಸಿಕೊಳ್ಳುವುದು. ಹಸು ಹುಲ್ಲನ್ನು ಅವಸರದಿಂದ ಮೇಯುತ್ತದೆ. ಆದರೆ ನೆರಳಿನಲ್ಲಿ ಮಲಗಿ ಮೆಲುಕು ಹಾಕಿದರೇ ಅದು ಹಾಲಾಗುವುದು. ಮೆಲುಕು ಹಾಕದ ಹಸುವನ್ನು ಕಂಡರೆ ಒಕ್ಕಲಿಗನು ಅದಕ್ಕೆ ರೋಗ ಬಂದಿದೆಯೆಂದು ತಿಳಿಯುತ್ತಾನೆ. ಇಂದು ನಮ್ಮ ಅಂಗೈಯಲ್ಲಿರುವ ಮೊಬೈಲಿನಿಂದ ಶ್ರವಣವೇನೋ ಹಗಲಿರುಳೂ ನಡೆದಿದೆ. ಮನನ ಎಲ್ಲಿದೆ? ಒಂದು ಸುದ್ದಿಯನ್ನು ಮೆಲುಕು ಹಾಕುವ ಮೊದಲೇ ಇನ್ನೊಂದು ಸುದ್ದಿ ಬಾಯಿಗೆ ಬೀಳುತ್ತದೆ. 2022ರ ಕೊನೆಯಿಂದೀಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಎಲ್ಲರ ಕೈಗೂ ಎಟುಕುತ್ತಿವೆ. ಪ್ರಬಂಧ ಬರೆಯೆಂದರೆ ಬರೆಯುತ್ತವೆ, ಲೆಕ್ಕ ಬಿಡಿಸೆಂದರೆ ಬಿಡಿಸುತ್ತವೆ. ಯಂತ್ರವನ್ನು ನಾವು ದೂರುವುದಿಲ್ಲ. ದೊಡ್ಡ ಲೆಕ್ಕವನ್ನು ಬೇಗ ಮಾಡಿಕೊಟ್ಟರೆ ಅದು ಉಪಕಾರವೇ ಸರಿ. ಆದರೆ ವಿದ್ಯಾರ್ಥಿಯು ಪ್ರಬಂಧ ಬರೆಯುವುದು ಗುರುವಿಗೆ ಪ್ರಬಂಧ ಬೇಕಾಗಿದೆಯೆಂದಲ್ಲ. ಬರೆಯುವಾಗ ಅವನ ಬುದ್ಧಿ ಪಡುವ ಶ್ರಮವೇ ಅಲ್ಲಿ ಫಲ. ಗರಡಿಮನೆಗೆ ಹೋಗಿ ತನ್ನ ಬದಲು ಆಳಿನ ಕೈಯಲ್ಲಿ ಸಾಮು ಮಾಡಿಸಿದರೆ ಯಾರ ಮೈ ಗಟ್ಟಿಯಾದೀತು?

ಇನ್ನು ನಮ್ಮ ವಾದಗಳನ್ನು ನೋಡಿರಿ. ನ್ಯಾಯಶಾಸ್ತ್ರದಲ್ಲಿ ವಾದ, ಜಲ್ಪ, ವಿತಂಡಾ ಎಂದು ಮೂರು ಬಗೆ. ಸತ್ಯವನ್ನು ತಿಳಿಯಲೆಂದು ಮಾಡುವುದು ವಾದ. ಗೆಲ್ಲಲೆಂದು ಮಾಡುವುದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಎದುರಿನವನನ್ನು ಕೆಡವುವುದಷ್ಟೇ ವಿತಂಡಾ. ಹಿಂದಿನ ಪಾಠಶಾಲೆಗಳಲ್ಲಿ ಶಿಷ್ಯನು ಖಂಡನೆಗೆ ತೊಡಗುವ ಮೊದಲು ಎದುರಾಳಿಯ ಮಾತನ್ನು, ಅಂದರೆ ಪೂರ್ವಪಕ್ಷವನ್ನು, ಎದುರಾಳಿಯೇ ಮೆಚ್ಚುವಂತೆ ಹೇಳಿ ತೋರಿಸಬೇಕಾಗಿತ್ತು. ಈಗ ಊರಿನ ಕಟ್ಟೆಯ ಮೇಲೆ, ದೂರದರ್ಶನದ ಪರದೆಯ ಮೇಲೆ, ಮೊಬೈಲಿನ ಬಳಗಗಳಲ್ಲಿ ನಡೆಯುವುದು ಯಾವುದು? ಎದುರಿನವನ ಮಾತನ್ನು ಪೂರ್ತಿ ಕೇಳುವ ತಾಳ್ಮೆಯೇ ಇಲ್ಲದಲ್ಲಿ ವಾದವೆಂತು, ವಿಚಾರವೆಂತು?

ಬುದ್ಧಿಯ ಮಾತು ಹೀಗಾಯಿತು. ಈಗ ಕೈಯ ಕಡೆಗೆ ಬರೋಣ. ನಮ್ಮ ನಾಡಿನಲ್ಲಿ 36 ಸಾವಿರಕ್ಕೂ ಮಿಕ್ಕಿ ಕೆರೆಗಳಿವೆಯೆಂದು ಲೆಕ್ಕ. ಅವುಗಳಲ್ಲಿ ಎಷ್ಟೋ ಕೆರೆಗಳನ್ನು ಊರವರೇ ಕಾಪಾಡಿಕೊಂಡು ಬಂದರು. ಬೇಸಿಗೆಯಲ್ಲಿ ನೀರು ಇಳಿದಾಗ ಹೂಳನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆದರೆ ಕೆರೆಗೆ ಆಳ ಬಂತು, ಹೊಲಕ್ಕೆ ಗೊಬ್ಬರ ಬಂತು. ನೀರಗಂಟಿಯು ತೂಬು ಎತ್ತಿ ಸರದಿಯ ಮೇಲೆ ಗದ್ದೆಗಳಿಗೆ ನೀರು ಬಿಡುತ್ತಿದ್ದನು. ಇದನ್ನು ಬರಿಯ ಮೈದುಡಿಮೆಯೆಂದು ತಿಳಿಯಬೇಡಿರಿ. ಈ ವರ್ಷ ಕೆರೆಗೆ ಎಷ್ಟು ನೀರು ಬಂದಿದೆ, ಅದು ಎಷ್ಟು ಗದ್ದೆಗೆ ಸಾಕು, ಭತ್ತ ಹಾಕಬೇಕೇ ರಾಗಿ ಹಾಕಬೇಕೇ, ಏರಿ ಎಲ್ಲಿ ಜಿನುಗುತ್ತಿದೆ, ಕೋಡಿ ಎಷ್ಟು ಎತ್ತರವಿರಬೇಕು ಎಂಬುದನ್ನೆಲ್ಲ ಊರವರು ಕುಳಿತು ಯೋಚಿಸಬೇಕಾಗಿತ್ತು. ಆ ಕೆರೆಯೇ ಊರಿಗೆ ಒಂದು ಪಾಠಶಾಲೆಯಾಗಿತ್ತು. ಮುಂದೆ ಕೆರೆಗಳು ಇಲಾಖೆಗಳ ಕೈಗೆ ಹೋದವು, ಕೊಳವೆಬಾವಿಗಳು ಬಂದವು. ಈಗ ಹೂಳು ತುಂಬಿದರೆ "ಅದು ಸರ್ಕಾರದ ಕೆರೆ" ಎನ್ನುತ್ತೇವೆ. ತನ್ನ ಹೊಲದಲ್ಲಿ ನೂರಾರು ಅಡಿ ಕೊರೆಸುವವನಿಗೆ ನೆರೆಯವನೊಡನೆ ಕೂತು ಮಾತಾಡುವ ಅಗತ್ಯ ಬೀಳುವುದಿಲ್ಲ. ಕೈಯಿಂದ ಕೆಲಸ ಹೋಯಿತು. ಅದರ ಬೆನ್ನಿಗೇ ಕೂಡಿ ಯೋಚಿಸುವ ರೂಢಿಯೂ ಹೋಯಿತು.

ಕೆರೆಯ ಮಾತು ಬಂದಾಗ ಸೊನ್ನಲಿಗೆಯ ಸಿದ್ಧರಾಮರನ್ನು ನೆನೆಯದಿರಲಾದೀತೆ? ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅವರು ಕಟ್ಟಿಸಿದ ಕೆರೆ ಇಂದಿಗೂ ಅಲ್ಲಿದೆ. ಶೂನ್ಯಸಂಪಾದನೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಕೆರೆಯ ಕೆಲಸ ಭರದಿಂದ ನಡೆದಿರುವಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಎಲ್ಲರೂ ಪೂಜಿಸುವ ಸಿದ್ಧರಾಮರನ್ನು ಕೇವಲ ಮಣ್ಣು ಹೊರುವವನೆಂಬಂತೆ ಹಗುರವಾಗಿ ಕರೆದರು. ಕೆಲಸದಲ್ಲಿದ್ದ ಜನ ಸಿಟ್ಟಿಗೆದ್ದು ಕಲ್ಲು ಎಸೆದರು. ಸಿದ್ಧರಾಮರೂ ಮೊದಲು ಕೋಪಿಸಿಕೊಂಡರು. ಆದರೆ ಬಂದವರ ಮಾತಿನ ಆಳ ತಿಳಿದೊಡನೆ ಕೋಪವನ್ನು ಬಿಟ್ಟು, ಪ್ರಶ್ನೆಯನ್ನು ಎದುರಿಸಿ, ಕೊನೆಗೆ ಅವರೊಡನೆ ಕಲ್ಯಾಣದ ಹಾದಿ ಹಿಡಿದರು. ಅವರಿಗೇನು ಕೊರತೆಯಿತ್ತು? ಕೀರ್ತಿ ಇತ್ತು, ಹಿಂದೆ ಜನವಿತ್ತು, ಕಣ್ಣ ಮುಂದೆ ಕೆರೆ ಇತ್ತು. ಆದರೂ ತನ್ನನ್ನು ಪ್ರಶ್ನಿಸಿದವನ ಮಾತಿನಲ್ಲಿ ಸತ್ಯವಿದೆಯೇ ಎಂದು ನೋಡುವ ಧೈರ್ಯ ಅವರಲ್ಲಿತ್ತು. ಕೈಯ ಕಾಯಕವೂ ಬುದ್ಧಿಯ ಕಾಯಕವೂ ಒಬ್ಬರಲ್ಲಿಯೇ ಕೂಡಿದ್ದು ಹೀಗೆ. ಇಂದು ನಮ್ಮಲ್ಲಿ ಕಲ್ಲೆಸೆಯುವವರಿಗೆ ಬರವಿಲ್ಲ. ಸಿದ್ಧರಾಮರಂತೆ ಕೇಳುವವರಿಗೆ ಬರವಿದೆ.

ತಾಯಂದಿರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಗೊತ್ತೇ ಇದೆ. ಗಂಡನಾದ ಮಾರಯ್ಯನು ದಿನನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತೆಗೆದುಕೊಂಡು ಮಡಕೆಗೆ ಹಾಕಲಿಲ್ಲ ಆ ತಾಯಿ. ಇಷ್ಟು ಏಕೆ ಎಂದು ಕೇಳಿದಳು, ಮರಳಿಸಿ ಬರಲು ಕಳುಹಿಸಿದಳು. ಬಡತನದಲ್ಲಿಯೂ ಅವಳ ವಿಚಾರ ಬಡವಾಗಲಿಲ್ಲ.

ಇದೆಲ್ಲ ಹನ್ನೆರಡನೆಯ ಶತಮಾನದ ಮಾತು, ಈಗ ಆದೀತೆ ಎನ್ನುವವರಿಗೆ ಹತ್ತಿರದ ಕಾಲದ ಎರಡು ನಿದರ್ಶನಗಳನ್ನು ಹೇಳುತ್ತೇವೆ.

ಗದಗ ತಾಲ್ಲೂಕಿನಲ್ಲಿ ಕಣಗಿನಹಾಳವೆಂಬ ಊರಿದೆ. 1905ರಲ್ಲಿ ಆ ಊರಿನ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಹಕಾರ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ ಒಂದು ಸಣ್ಣ ಹಳ್ಳಿ ಮುಂದೆ ಬಂತು. ಆಗಿನ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನ ಸಾಲ ಮುಳುಗಿದರೆ ಉಳಿದವರೆಲ್ಲ ಅದಕ್ಕೆ ಹೊಣೆ. ಆದುದರಿಂದ ಸಾಲ ಕೇಳುವವನು ಬೀಜಕ್ಕೆ ಕೇಳುತ್ತಾನೋ, ಎತ್ತಿಗೆ ಕೇಳುತ್ತಾನೋ, ಮದುವೆಯ ಆಡಂಬರಕ್ಕೆ ಕೇಳುತ್ತಾನೋ ಎಂದು ನೆರೆಯವರು ವಿಚಾರಿಸಲೇಬೇಕು. ಸಾಹುಕಾರನ ಬಾಗಿಲಿನಲ್ಲಿ ಕೈಮುಗಿದು ನಿಲ್ಲುತ್ತಿದ್ದವರು ತಮ್ಮ ಸಾಲದ ಲೆಕ್ಕವನ್ನು ತಾವೇ ನೋಡುವವರಾದರು. ಸ್ವಾವಲಂಬನವೆಂದರೆ ಒಬ್ಬಂಟಿತನವಲ್ಲವೆಂಬುದನ್ನು ಇದರಿಂದ ತಿಳಿಯಬೇಕು. ನೆರೆಯವನನ್ನು ಬಿಟ್ಟು ಬದುಕುವುದು ಸ್ವಾರ್ಥ. ನೆರೆಯವನೊಡನೆ ಹೊಣೆ ಹೊತ್ತು ಬದುಕುವುದು ಸ್ವಾವಲಂಬನ. ಇಂದು ಊರೂರಿಗೆ ಸಹಕಾರ ಸಂಘಗಳಿವೆ. ವರ್ಷದ ಸಾಮಾನ್ಯ ಸಭೆಯಲ್ಲಿ ಲೆಕ್ಕಪತ್ರವನ್ನು ತೆರೆದು ಓದುವವರೆಷ್ಟು ಮಂದಿ, ಉಪಾಹಾರ ಮುಗಿಸಿ ಎದ್ದು ಹೋಗುವವರೆಷ್ಟು ಮಂದಿ, ನೀವೇ ಹೇಳಿರಿ.

ಇನ್ನೊಂದು ನಿದರ್ಶನ ವಿಜಯಪುರದ ಫ.ಗು. ಹಳಕಟ್ಟಿಯವರದು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ವೃತ್ತಿಯಿಂದ ವಕೀಲರು. ಆ ಕಾಲದಲ್ಲಿ ಶರಣರ ವಚನಗಳು ಎಷ್ಟೋ ಮನೆಗಳ ಜಗಲಿಯ ಮೇಲೆ ತಾಡವೋಲೆಯ ಕಟ್ಟುಗಳಾಗಿ ಕುಳಿತಿದ್ದವು. ವಿಭೂತಿ ಹಚ್ಚುತ್ತಿದ್ದರು, ಹೂವೇರಿಸುತ್ತಿದ್ದರು, ಬಿಚ್ಚಿ ಓದುವವರಿರಲಿಲ್ಲ. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಕೂಡಿಸಿದರು, ಓದಿದರು, ಹೊಂದಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. ಅಚ್ಚಿನ ಕೆಲಸಕ್ಕೆ ಪರರನ್ನು ನೆಚ್ಚಲಾಗದೆಂದು ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಹೂಡಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ತೆಗೆದರು. 1964ರಲ್ಲಿ ಲಿಂಗೈಕ್ಯರಾಗುವವರೆಗೆ ಬಡತನ ಅವರ ಬೆನ್ನು ಬಿಡಲಿಲ್ಲ, ಕೆಲಸವನ್ನು ಅವರು ಬಿಡಲಿಲ್ಲ. ಇಂದು ನಾವು ಇಲ್ಲಿ ಕುಳಿತು ವಚನಗಳನ್ನು ಕೇಳುತ್ತಿರುವುದಕ್ಕೆ ಆ ಮಹನೀಯರು ಮನೆ ಮಾರಿದ್ದೂ ಒಂದು ಕಾರಣ. ಪೂಜೆಗೊಳ್ಳುತ್ತಿದ್ದ ಗ್ರಂಥವನ್ನು ಓದಲು ಕೊಟ್ಟದ್ದೇ ಅವರು ಮಾಡಿದ ದೊಡ್ಡ ಪೂಜೆ. ಈಗ ಅಚ್ಚಾದ ವಚನಸಂಪುಟಗಳು ಗಾಜಿನ ಕಪಾಟು ಸೇರಿವೆ. ತಾಡವೋಲೆ ಹೋಗಿ ಕಾಗದ ಬಂತು; ನಮ್ಮ ಅಭ್ಯಾಸವೇನು ಬದಲಾಯಿತು?

ಸದ್ಭಕ್ತರೆ, ಮಠಕ್ಕೆ ಸಂಬಂಧಿಸಿದ ಒಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಕೊಳವೆಬಾವಿಯನ್ನು ಎಲ್ಲಿ ಕೊರೆಸಬೇಕು, ಮಗನನ್ನು ಯಾವ ಕಾಲೇಜಿಗೆ ಸೇರಿಸಬೇಕು, ಈ ಸಲ ಯಾರಿಗೆ ಮತ ಹಾಕಬೇಕು ಎಂದು ಕೆಲವರು ಮಠಕ್ಕೆ ಬಂದು ಕೇಳುತ್ತಾರೆ. ಇದನ್ನು ಭಕ್ತಿಯೆಂದು ತಿಳಿದಿದ್ದಾರೆ. ಇದು ಭಕ್ತಿಯಲ್ಲ, ಬುದ್ಧಿಯ ಆಲಸ್ಯ. ನೆಲದ ನೀರನ್ನು ಭೂಗರ್ಭ ಬಲ್ಲವರು ಹೇಳಲಿ. ಮಗನ ಓದನ್ನು ಮಗನೊಡನೆ ಕುಳಿತು ತಿಳಿಯಿರಿ. ಮತವಂತೂ ನಿಮ್ಮ ಆತ್ಮಸಾಕ್ಷಿಗೆ ಸೇರಿದ್ದು. ಯಾರಿಗೆ ಮತವೆಂದು ಸ್ವಾಮಿಗಳನ್ನು ಕೇಳುವವನು ತನ್ನ ಮತವನ್ನೂ ಸ್ವಾಮಿಗಳ ಮಾನವನ್ನೂ ಒಟ್ಟಿಗೇ ಕಳೆಯುತ್ತಾನೆ. ಅರಿವನ್ನೇ ಗುರುವೆಂದು ನಂಬಿದ ಪರಂಪರೆ ನಮ್ಮದು. ಗುರುವಿನ ಕೆಲಸ ಶಿಷ್ಯನ ಕಣ್ಣು ತೆರೆಸುವುದು. ಜೀವಮಾನವಿಡೀ ಅವನ ಕೋಲು ಹಿಡಿದು ನಡೆಸುವುದಲ್ಲ. ನಾವು ಇಂದು ಹೇಳಿದ ಮಾತನ್ನೂ ಹಾಗೆಯೇ ನುಂಗಬೇಡಿರಿ. ಮನೆಗೆ ಹೋಗಿ ಮೆಲುಕು ಹಾಕಿರಿ, ಸರಿಯೆನಿಸಿದರೆ ಇಟ್ಟುಕೊಳ್ಳಿರಿ. ಸರಿಯೆನಿಸದಿದ್ದರೆ ನಾಳೆ ಬಂದು ಕೇಳಿರಿ. ಮಠದ ಬಾಗಿಲು ತೆರೆದೇ ಇರುತ್ತದೆ.

ಕೊನೆಯದಾಗಿ, ಈ ಶ್ರಾವಣದಲ್ಲಿ ನೀವು ಹಿಡಿಯಬೇಕಾದ ವ್ರತಗಳು ಮೂರು. ಹಣ ಬೇಡ, ಉಪವಾಸ ಬೇಡ. ಮೊದಲನೆಯದು, ದಿನಕ್ಕೆ ಅರ್ಧಗಂಟೆ ಮೊಬೈಲನ್ನು ಬದಿಗಿಟ್ಟು ಮನೆಮಂದಿ ಕೂಡಿ ಒಂದು ಪುಸ್ತಕವನ್ನು ಗಟ್ಟಿಯಾಗಿ ಓದಿರಿ. ಮಕ್ಕಳು ಓದಲಿ, ಹಿರಿಯರು ಕೇಳಲಿ, ಎಲ್ಲರೂ ಪ್ರಶ್ನಿಸಲಿ. ಎರಡನೆಯದು, ಇದುವರೆಗೆ ಪರರಿಂದ ಮಾಡಿಸಿಕೊಳ್ಳುತ್ತಿದ್ದ ಒಂದು ಕೆಲಸವನ್ನು ನೀವೇ ಕಲಿತು ಮಾಡಿರಿ. ಮನೆಯ ಜಮಾಖರ್ಚು ಬರೆಯುವುದಾಗಲಿ, ಬೀಜ ಹಸನುಮಾಡಿ ಇಡುವುದಾಗಲಿ, ತಾನುಂಡ ತಟ್ಟೆಯನ್ನು ತಾನೇ ತೊಳೆಯುವುದಾಗಲಿ. ಮೂರನೆಯದು, ಬರುವ ಬೇಸಿಗೆಯಲ್ಲಿ ಊರಿಗೆ ಊರೇ ಸೇರಿ, ಪಂಚಾಯಿತಿಯವರನ್ನೂ ಕೂಡಿಸಿಕೊಂಡು, ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯಿರಿ. ಅದಕ್ಕೆ ಮೊದಲು ಎಷ್ಟು ಹೂಳಿದೆ, ಎಷ್ಟು ಗಾಡಿ ಬೇಕು, ಯಾರ ಸರದಿ ಎಂದು ಈಗಲೇ ಕುಳಿತು ಯೋಚಿಸಿರಿ. ಮಠದ ವಿದ್ಯಾರ್ಥಿನಿಲಯದ ಮಕ್ಕಳೂ ಬುಟ್ಟಿ ಹಿಡಿದು ಬರುತ್ತಾರೆ, ಅವರೊಡನೆ ನಾವೂ ಬರುತ್ತೇವೆ.

ಕುಳಿತು ಉಂಡರೆ ಕುಡಿಕೆ ಹೊನ್ನೂ ಸಾಲದೆಂದು ಹಿರಿಯರು ಹೇಳಿದ್ದಾರೆ. ಹೊನ್ನಿಗೆ ಹೇಳಿದ ಮಾತು ಅರಿವಿಗೂ ಸಲ್ಲುತ್ತದೆ. ಪೂರ್ವಜರು ಗಳಿಸಿಟ್ಟ ಅರಿವನ್ನು ನಾವು ಕುಳಿತು ಉಣ್ಣುತ್ತಿದ್ದೇವೆ. ನಮ್ಮ ಪಾಲಿನದನ್ನು ನಾವು ದುಡಿದು ಅದಕ್ಕೆ ಸೇರಿಸೋಣ. ನಮ್ಮ ಮಕ್ಕಳ ಪಾಲಿಗೆ ಕುಡಿಕೆ ಬರಿದಾಗದಿರಲಿ.

ನಿಮ್ಮ ಕೈಗಳಿಗೆ ಬಲವನ್ನೂ ಬುದ್ಧಿಗೆ ಎಚ್ಚರವನ್ನೂ ಪರಮಾತ್ಮನು ಕರುಣಿಸಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಲ ಹೇಳುತ್ತೇವೆ.