ಆಟದ ಬಯಲಿಗೆ ಹಿರಿಯರೂ ಬರಲಿ

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಶಾಲೆಯೊಂದಕ್ಕೆ ನೂರು ತುಂಬಿದಾಗ ಅದರ ಮುಖ್ಯೋಪಾಧ್ಯಾಯಿನಿ ಭಾಷೆಯ ಉಳಿವನ್ನು ಕುರಿತು ಮಾತನಾಡಬೇಕೆಂಬುದು ನಿಮ್ಮ ನಿರೀಕ್ಷೆ. ಬೆಳಗಿನಿಂದ ನನಗಿಂತ ಸಮರ್ಥರು ಆ ಕೆಲಸ ಮಾಡಿದ್ದಾರೆ. ನಾನು ಮಂಡಿನೋವಿನ ವಿಷಯ ಮಾತನಾಡುತ್ತೇನೆ. ದಯವಿಟ್ಟು ನಗಬೇಡಿ.

ಕಳೆದ ಜೂನ್ ತಿಂಗಳಲ್ಲಿ ತಾಯಿಯೊಬ್ಬರು ಮಗಳನ್ನು ಸೇರಿಸಲು ಬಂದಿದ್ದರು. ಅವರೂ ಇಲ್ಲಿಯೇ ಓದಿದವರು. ನಾನು ಈ ಶಾಲೆಗೆ ಹೊಸಬಳಾಗಿದ್ದಾಗ ಅವರು ಖೋ ಖೋ ತಂಡದಲ್ಲಿದ್ದರು. ಕಂಬದ ಬಳಿ ಹಿಡಿಯಲು ಬಂದವರ ಕೈಗೆ ಸಿಗದೆ ಜಾರಿಕೊಳ್ಳುತ್ತಿದ್ದ ಆ ಹುಡುಗಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದ್ದಾಳೆ. ನಮ್ಮ ಕಚೇರಿ ಮಹಡಿಯ ಮೇಲಿದೆಯಲ್ಲವೆ? ಅರ್ಧ ಮೆಟ್ಟಿಲು ಹತ್ತಿದ ಆಕೆ ಕಂಬಿ ಹಿಡಿದು ನಿಂತುಬಿಟ್ಟರು. ವಯಸ್ಸು 38. "ಟೀಚರ್, ಶಾಲೆ ಬಿಟ್ಟಮೇಲೆ ನಾನು ಒಂದು ದಿನವೂ ಓಡಿಲ್ಲ" ಎಂದರು. ಮದುವೆ, ಎರಡು ಹೆರಿಗೆ, ಸಿಪ್ಕಾಟ್‌ನಲ್ಲಿ ಪಾಳಿಯ ಕೆಲಸ, ಹಾಸಿಗೆ ಹಿಡಿದ ಅತ್ತೆಯ ಆರೈಕೆ. "ಯಾವಾಗ ಓಡಲಿ, ನೀವೇ ಹೇಳಿ." ನನ್ನಲ್ಲಿ ಉತ್ತರವಿರಲಿಲ್ಲ. ಮೆಟ್ಟಿಲ ಮೇಲ್ತುದಿಯಲ್ಲಿ ನಿಂತಿದ್ದ ನಾನೂ ಇಳಿದು ಹೋಗಿ ಅವರ ಕೈ ಹಿಡಿಯಲಿಲ್ಲ. ಇಳಿಯುವುದೆಂದರೆ ನನಗೂ ನೋವು.

ಆ ದಿನದಿಂದ ಒಂದು ವಿಚಾರ ನನ್ನನ್ನು ಕಾಡುತ್ತಿದೆ. ನಮ್ಮ ವೇಳಾಪಟ್ಟಿಯಲ್ಲಿ ಆಟಕ್ಕೆ ಅವಧಿಯುಂಟು. ಹತ್ತನೆಯ ತರಗತಿ ಮುಗಿದ ದಿನ ಅದೂ ಮುಗಿಯುತ್ತದೆ. ಮುಂದಿನ ಐವತ್ತು ಅರವತ್ತು ವರ್ಷ ಈ ಶರೀರವನ್ನು ಹೇಗೆ ನಡೆಸಿಕೊಳ್ಳಬೇಕೆಂದು ನಾವು ಕಲಿಸಿಯೇ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಮಿಳುನಾಡೂ ಸೇರಿದಂತೆ ನಾಲ್ಕು ಪ್ರದೇಶಗಳ ವಯಸ್ಕರನ್ನು ಪರಿಶೀಲಿಸಿತು. ಶೇ. 54.4ರಷ್ಟು ಮಂದಿಗೆ ಸಾಕಷ್ಟು ಚಲನೆಯೇ ಇರಲಿಲ್ಲ. ಬಿಡುವಿನಲ್ಲಿ ಆಟವನ್ನೋ ವ್ಯಾಯಾಮವನ್ನೋ ಮಾಡುತ್ತಿದ್ದವರು ನೂರಕ್ಕೆ ಹತ್ತು ಮಂದಿಯೂ ಇಲ್ಲ.

ಲಂಡನ್ನಿನ ವೈದ್ಯ ಜೆರಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದ ಶೋಧನೆಯೊಂದನ್ನು ನಾನು ಮಕ್ಕಳಿಗೆ ಹೇಳುವುದುಂಟು. ಅಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ಆಗ ಚಾಲಕ ದಿನವಿಡೀ ಕುಳಿತಿರುತ್ತಿದ್ದ. ನಿರ್ವಾಹಕ ಟಿಕೆಟ್ಟಿಗಾಗಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಬಸ್ಸು ಒಂದೇ, ದಾರಿ ಒಂದೇ. ಆದರೂ ಹೃದಯಾಘಾತ ಚಾಲಕರಲ್ಲಿ ಹೆಚ್ಚು, ನಿರ್ವಾಹಕರಲ್ಲಿ ಕಡಿಮೆ. ನಮ್ಮ ಊರಿನ ಕಾರ್ಖಾನೆಗಳಲ್ಲಿ ಎಂಟು ಗಂಟೆ ಕುಳಿತೇ ದುಡಿಯುವವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ.

"ಹಿಂದಿನವರು ರಾಗಿ ಬೀಸುತ್ತಿದ್ದರು, ನೀರು ಸೇದುತ್ತಿದ್ದರು, ಅದಕ್ಕೇ ಗಟ್ಟಿಯಾಗಿದ್ದರು" ಎಂಬ ಮಾತು ನಮ್ಮಲ್ಲಿ ಬಹಳ ಕೇಳಿಬರುತ್ತದೆ. ನಾನು ಅದನ್ನು ಪೂರ್ತಿ ಒಪ್ಪಲಾರೆ. ನನ್ನ ಅಜ್ಜಿ ಬೀಸುವ ಕಲ್ಲಿನ ಮುಂದೆ ಕುಳಿತೇ ಐವತ್ತಕ್ಕೆ ಬೆನ್ನು ಬಾಗಿದವರು. ಹೊರಲಾರದ ದುಡಿತವನ್ನು ವ್ಯಾಯಾಮವೆಂದು ಹೊಗಳುವುದು ಸುಲಭ, ಹೊಗಳುವವರು ಬೀಸುವವರಲ್ಲ. ಇಂದಿನ ಮನೆಗೆಲಸವನ್ನೂ ಲೆಕ್ಕಕ್ಕೆ ಹಿಡಿಯಬಹುದು. ಉಸಿರು ಸ್ವಲ್ಪ ಏರುವಂತೆ ನೆಲ ಒರೆಸಿದರೆ, ಬಟ್ಟೆ ಒಗೆದರೆ ಅದು ಚಲನೆಯೇ. ಒಲೆಯ ಮುಂದೆ ಎರಡು ಗಂಟೆ ನಿಲ್ಲುವುದನ್ನು ಮಾತ್ರ ಹಾಗೆ ಎಣಿಸಲಾಗದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನು ಹೇಳುತ್ತದೆ. ಸಾಧಾರಣವೆಂದರೆ, ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು. 65 ದಾಟಿದವರಿಗೆ ಇನ್ನೊಂದು ಸೇರುತ್ತದೆ: ವಾರಕ್ಕೆ ಮೂರು ದಿನವಾದರೂ ಸಮತೋಲದ ಅಭ್ಯಾಸ. ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಲ್ಲುವುದೂ ಅದರಲ್ಲಿ ಒಂದು. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಳ್ಳುವ ಅಪಾಯ ಎಷ್ಟೋ ತಗ್ಗುತ್ತದೆ. ತೊಡಕಿಲ್ಲದ ಗರ್ಭಿಣಿಯರೂ ವೈದ್ಯರ ಸಲಹೆ ಪಡೆದು ನಡೆಯುತ್ತಿರಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ನಮ್ಮ ಮನೆಗಳಲ್ಲಿ ಬಸುರಿಯನ್ನು ಕೂರಿಸಿಯೇ ಇಡುವ ಅತ್ತೆಯಂದಿರು ಇದನ್ನು ಗಮನಿಸಬೇಕು.

ಕಾಯಿಲೆ ಬಂದವರ ಮಾತೇನು? ನನಗೆ 48ರಲ್ಲಿ ಸಕ್ಕರೆ ಕಾಯಿಲೆಯೆಂದು ತಿಳಿಯಿತು. ಮಂಡಿ ಅದಕ್ಕೂ ಮೊದಲೇ ಕೈಕೊಟ್ಟಿತ್ತು. ನಡೆದರೆ ಮಂಡಿ ಸವೆಯುತ್ತದೆಂದು ನಂಬಿ ನಾಲ್ಕು ವರ್ಷ ಕುಳಿತೆ. ಮಂಡಿ ಇನ್ನಷ್ಟು ಹದಗೆಟ್ಟಿತು, ಸಕ್ಕರೆಯೂ ಏರಿತು. ಈ ಜುಲೈನಲ್ಲಿ ಕಡೆಗೂ ಫಿಸಿಯೋಥೆರಪಿಗೆ ಹೋದೆ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೀಳವಾಗಿ ಎತ್ತಿ ಹಿಡಿಯುವುದು, ಹೀಗೆ ದಿನಕ್ಕೆ ಎರಡು ಹೊತ್ತು. ತೊಡೆಯ ಸ್ನಾಯು ಬಲವಾದರೆ ಮಂಡಿಯ ಮೇಲಿನ ಭಾರ ತಗ್ಗುತ್ತದೆ ಎಂದರು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯುತ್ತೇನೆ. ಸಕ್ಕರೆಯವರು ಬರಿಗಾಲಲ್ಲಿ ನಡೆಯಬಾರದು. ಇನ್ಸುಲಿನ್ ಹಾಕಿಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡಿರಬೇಕು. ಹೃದಯದ ತೊಂದರೆಯವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಎದೆಯಲ್ಲಿ ಬಿಗಿತ ಕಂಡರೆ ಅಲ್ಲಿಯೇ ನಿಲ್ಲಬೇಕು.

ಪಕ್ಕದ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರನ್ನು ಇಲ್ಲಿ ನೆನೆಯಬೇಕು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿದ ಮಗು ಅದು. ಮೈಸೂರಿನಲ್ಲಿ ಭಾವನವರಾದ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು 95 ವರ್ಷ ಬಾಳಿದರು. ಅವರ ಆಸನಗಳ ಬೆಡಗಿಗಿಂತ ನನಗೆ ಮೆಚ್ಚುಗೆಯಾದುದು ಅವರು ಬಳಕೆಗೆ ತಂದ ಕುರ್ಚಿ, ಹಗ್ಗ, ಮರದ ದಿಮ್ಮಿ, ದಿಂಬುಗಳು. ಬಾಗಲಾರದವನ ಬಳಿಗೆ ಆಸನವನ್ನೇ ತಂದರು. ಮುದುಕರಿಗೂ ರೋಗಿಗಳಿಗೂ ಇದರಿಂದ ದಾರಿಯಾಯಿತು.

ನಮ್ಮ ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದುದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ. ರಕ್ತದೊತ್ತಡ, ಸಕ್ಕರೆಯ ಮಾತ್ರೆಗಳ ಜೊತೆಗೆ ಫಿಸಿಯೋಥೆರಪಿಯನ್ನೂ ಅದು ಮನೆ ಬಾಗಿಲಿಗೆ ತರುತ್ತದೆ. ಮಾತ್ರೆಯನ್ನು ಎಲ್ಲರೂ ತೆಗೆದುಕೊಳ್ಳುತ್ತೇವೆ, ವ್ಯಾಯಾಮವನ್ನು ಕೇಳಿ ಪಡೆಯುವವರು ಕಡಿಮೆ. ದಯವಿಟ್ಟು ಕೇಳಿರಿ. ಹೇಳಿದ್ದು ತಮಿಳಿನಲ್ಲಿದ್ದು ಅಜ್ಜಿಗೆ ತಿಳಿಯದಿದ್ದರೆ ನಮ್ಮ ಮಕ್ಕಳು ಓದಿ ಕನ್ನಡದಲ್ಲಿ ಹೇಳುತ್ತಾರೆ. ಎರಡು ಭಾಷೆ ಕಲಿತದ್ದಕ್ಕೆ ಅಷ್ಟು ಪ್ರಯೋಜನವಾದರೂ ಆಗಲಿ.

ಈಗ ಕೆಲಸದ ಮಾತು. ನೂರು ವರ್ಷಗಳಿಂದ ನಮ್ಮ ಆಟದ ಬಯಲು ಸಂಜೆ ಗಂಟೆ ಬಾರಿಸಿದೊಡನೆ ಬೀಗ ಹಾಕಿಸಿಕೊಳ್ಳುತ್ತಿದೆ. ಹೆಂಗಸರು ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ನಡುವೆ ನಡೆಯಬೇಕಾಗಿದೆ, ಇಲ್ಲವೆ ಮನೆಯಲ್ಲಿಯೇ ಉಳಿಯಬೇಕಾಗಿದೆ. ಆಡಳಿತ ಮಂಡಳಿಯನ್ನು ಒಪ್ಪಿಸಲು ನನಗೆ ಮೂರು ಸಭೆಗಳು ಬೇಕಾದವು. ಕಳ್ಳತನ, ಕಸ, ಹೊಣೆ ಯಾರದು ಎಂಬ ಪ್ರಶ್ನೆಗಳು ನ್ಯಾಯವಾದವೇ. ಒಂದು ವರ್ಷದ ಪರೀಕ್ಷೆಗೆ ಒಪ್ಪಿದ್ದಾರೆ. ಬಯಲು ಕೆಟ್ಟರೆ ಬೀಗ ಮತ್ತೆ ಬೀಳುತ್ತದೆ.

ಬರುವ ಸೋಮವಾರದಿಂದ ಬೆಳಗ್ಗೆ 5.30ರಿಂದ 7ರವರೆಗೆ, ಸಂಜೆ 5.30ರಿಂದ 7ರವರೆಗೆ ಗೇಟು ತೆರೆದಿರುತ್ತದೆ. ಬೇವಿನ ಮರದ ಕೆಳಗೆ ತರಗತಿಯ ಹಳೆಯ ಕುರ್ಚಿಗಳನ್ನು ಹಾಕಿಸಿದ್ದೇನೆ. ನಿಲ್ಲಲಾಗದವರು ಕುಳಿತು ಕಾಲೆತ್ತಬಹುದು. ನಮ್ಮ ದೈಹಿಕ ಶಿಕ್ಷಕರು ಮಂಗಳವಾರ, ಶುಕ್ರವಾರ ಸಂಜೆ ಇರುತ್ತಾರೆ. ಹೆಸರು ಬರೆಸಬೇಕಾಗಿಲ್ಲ, ಶುಲ್ಕವಿಲ್ಲ. ಚಪ್ಪಲಿಗಿಂತ ಬೂಟು ಮೇಲು. ಆ ಖೋ ಖೋ ಹುಡುಗಿಗೆ ಹೇಳಿಕಳಿಸಿದ್ದೆ. ಬೆಳಗಿನ ಪಾಳಿಯಿದ್ದರೆ ಸಂಜೆ, ರಾತ್ರಿ ಪಾಳಿಯಿದ್ದರೆ ಕೆಲಸಕ್ಕೆ ಹೊರಡುವ ಮೊದಲು ಬರುತ್ತೇನೆ ಎಂದಿದ್ದಾರೆ. ಅತ್ತೆಯನ್ನು ಆ ಅರ್ಧ ಗಂಟೆ ನೋಡಿಕೊಳ್ಳಲು ಅವರ ಯಜಮಾನರು ಒಪ್ಪಿದ್ದಾರಂತೆ. ಅವರೂ ಈ ಸಭೆಯಲ್ಲಿದ್ದಾರೆ.