ಮಾಗಿಯ ಸಂಜೆಯ ಬೇಸರ

ಚಳಿಗಾಲವನ್ನು ನಮ್ಮ ಪೂರ್ವಿಕರು ಎರಡು ಋತುಗಳಾಗಿ ವಿಂಗಡಿಸಿದರು. ಮಾರ್ಗಶಿರ, ಪುಷ್ಯಗಳು ಹೇಮಂತ. ಮಾಘ, ಫಾಲ್ಗುಣಗಳು ಶಿಶಿರ. ಮಹಾಕಾವ್ಯವೆಂದ ಮೇಲೆ ಅದರಲ್ಲಿ ಹದಿನೆಂಟು ವರ್ಣನೆಗಳು ಇರತಕ್ಕದ್ದೆಂದು ಲಾಕ್ಷಣಿಕರು ವಿಧಿಸಿದ್ದರಿಂದ, ಋತುವರ್ಣನೆಯ ಲೆಕ್ಕದಲ್ಲಿ ಕವಿಗಳು ಚಳಿಗೂ ಒಂದಷ್ಟು ಪದ್ಯಗಳನ್ನು ಮೀಸಲಿಟ್ಟರು. ಆದರೆ ಕಾವ್ಯದ ಚಳಿ ಹೆಚ್ಚಾಗಿ ಅರಮನೆಯ ಚಳಿ; ಪ್ರಣಯಿಗಳ ಚಳಿ. ಸಂಜೆ ಏಳಕ್ಕೇ ಊಟ ತೀರಿಸಿ, ಮಾತಿಗೆ ಎದುರು ಯಾರೂ ಇಲ್ಲದೆ, ಗೋಡೆಗೊರಗಿ ಕೌದಿ ಹೊದ್ದು ಕುಳಿತ ಹಿರಿಯ ಜೀವದ ಚಳಿ ಆ ಹದಿನೆಂಟರಲ್ಲಿ ಸೇರಲಿಲ್ಲ. ಇಂದು ನಾನು ಮಾತಾಡಬೇಕೆಂದಿರುವುದು ಆ ಚಳಿಯನ್ನು ಕುರಿತು.

ನಮ್ಮ ಕಾಗವಾಡದ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಕೃಷ್ಣೆಯ ದಂಡೆಯ ಕಬ್ಬಿನ ಮೇಲೆ ಬೆಳಗಿನಲ್ಲಿ ಮಂಜು ಕವಿದು, ಬಿಸಿಲೇರುತ್ತಲೇ ಕರಗುತ್ತದೆ, ಅಷ್ಟೇ. ದುಡಿಯುವವರಿಗೆ ಇದು ಬಿಡುವಿನ ಕಾಲವೂ ಅಲ್ಲ. 1939ರಲ್ಲಿ ಸ್ಥಾಪಿತವಾದ ಉಗಾರ ಶುಗರ್ ವರ್ಕ್ಸ್ ಮೊದಲುಗೊಂಡು ಈ ಭಾಗದ ಕಾರಖಾನೆಗಳು ಕಬ್ಬು ಅರೆಯುವುದು ಇದೇ ತಿಂಗಳುಗಳಲ್ಲಿ. ಗಂಡಸರು ಕಬ್ಬಿನ ಕಡಿತ, ಗಾಡಿಯ ಪಾಳಿ ಎಂದು ಹೊತ್ತಲ್ಲದ ಹೊತ್ತಿನಲ್ಲಿ ಹೊರಗಿರುತ್ತಾರೆ. ದೀಪಾವಳಿಗೆ ಬಂದ ಮಕ್ಕಳು ಪುಣೆಗೋ ಬೆಂಗಳೂರಿಗೋ ಹಿಂದಿರುಗಿರುತ್ತಾರೆ. ಊರ ತುಂಬ ಸುಗ್ಗಿ, ಮನೆಯೊಳಗೆ ಮಾತ್ರ ಭಣಭಣ. ಇಲ್ಲಿನ ಜೈನ ಮನೆಗಳಲ್ಲಿ ಹೊತ್ತು ಮುಳುಗುವುದರೊಳಗೆ ಉಣ್ಣುವ ವ್ರತ ಇಂದಿಗೂ ನಡೆದಿದೆ. ಬೇಸಿಗೆಯಲ್ಲಿ ಏಳಕ್ಕೆ ಮುಗಿಯುವ ಊಟ ಮಾಗಿಯಲ್ಲಿ ಆರಕ್ಕೆ ಮೊದಲೇ ತೀರುತ್ತದೆ. ಒಲೆ ಆರಿದ ಮೇಲೆ ನಿದ್ದೆ ಹತ್ತುವವರೆಗೆ ಮೂರು ನಾಲ್ಕು ತಾಸು ಉಳಿಯುತ್ತವೆ. ಆ ತಾಸುಗಳನ್ನು ಏನು ಮಾಡಬೇಕು?

ಇದಕ್ಕೆ ಬೆಳಕಿನ ಲೆಕ್ಕವೂ ಸೇರುತ್ತದೆ. ನಮ್ಮ ಅಕ್ಷಾಂಶದಲ್ಲಿ ವರ್ಷದ ಅತಿ ಗಿಡ್ಡ ಹಗಲು ಸುಮಾರು 11 ತಾಸು, ಅತಿ ಉದ್ದದ ಹಗಲು 13 ತಾಸಿಗೆ ತುಸು ಹೆಚ್ಚು. ನಾರ್ವೆಯ ಓಸ್ಲೋ ನಗರದಲ್ಲಿ ಡಿಸೆಂಬರಿನ ಹಗಲು ಆರು ತಾಸಿಗೇ ಮುಗಿಯುತ್ತದೆ. ಅಂಥ ಬೆಳಕಿನ ಬರದಿಂದ ಹುಟ್ಟುವ ಋತುಸಂಬಂಧಿ ಖಿನ್ನತೆಯನ್ನು ಅಮೆರಿಕದ ವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿ ಹೆಸರಿಟ್ಟರು. ಪ್ರಖರವಾದ ದೀಪದ ಎದುರು ಬೆಳಗಿನಲ್ಲಿ ಕೂರಿಸುವುದು ಅದಕ್ಕೊಂದು ಚಿಕಿತ್ಸೆ. ನಮಗೆ ಆ ದೀಪ ಅಂಗಳದಲ್ಲೇ ಇದೆ. ಮನೆಯೊಳಗಿನ ದೀಪಕ್ಕಿಂತ ಎಳೆಬಿಸಿಲಿನ ಬೆಳಕು ಹತ್ತಾರು ಪಟ್ಟು ಹೆಚ್ಚು. ಬೆಳಿಗ್ಗೆ ಅರ್ಧ ತಾಸು ಕಟ್ಟೆಯ ಮೇಲೆ ಕುಳಿತು ಬಿಸಿಲು ಕಾಯಿಸುವ ಮುದುಕರನ್ನು ಸೋಮಾರಿಗಳೆನ್ನಬೇಡಿ.

ಪಂಚಾಂಗದ ಒಂದು ಸ್ವಾರಸ್ಯವನ್ನೂ ಹೇಳಿಬಿಡುತ್ತೇನೆ. ಅತಿ ಗಿಡ್ಡ ಹಗಲು ಡಿಸೆಂಬರ್ 21-22ರ ಸುಮಾರಿಗೆ ಬಂದರೂ, ನಮ್ಮಲ್ಲಿ ಹೊತ್ತು ಅತಿ ಬೇಗ ಮುಳುಗುವುದು ನವೆಂಬರ್ ಕೊನೆಯ ವಾರದಲ್ಲಿ, ಆರಕ್ಕೆ ಇನ್ನೂ ನಾಲ್ಕೈದು ನಿಮಿಷ ಇರುವಾಗಲೇ. ಸಂಕ್ರಾಂತಿಯ ಹೊತ್ತಿಗೆ ಸಂಜೆ ಇಪ್ಪತ್ತು ನಿಮಿಷ ಹಿಗ್ಗಿರುತ್ತದೆ. ಬೆಳಗು ಮಾತ್ರ ಜನವರಿಯ ಮೂರನೆಯ ವಾರದವರೆಗೂ ತಡವಾಗುತ್ತಲೇ ಹೋಗುತ್ತದೆ. ಅಂದರೆ ಸಂಜೆಯ ಮಂಕು ದಟ್ಟವಾಗಿರುವುದು ಕಾರ್ತಿಕದ ದೀಪಗಳು ಆರಿದಂದಿನಿಂದ ಸಂಕ್ರಾಂತಿಯವರೆಗೆ. ನಮ್ಮ ಹಿಂದಿನವರ ಮನೆಗೆಲಸಗಳಲ್ಲಿ ಅತ್ಯಂತ ನಿಧಾನದವು ಈ ಆರೇಳು ವಾರಗಳಲ್ಲೇ ಬರುತ್ತಿದ್ದವೆಂಬುದನ್ನು ಗಮನಿಸಬೇಕು.

ಅವುಗಳಲ್ಲೆಲ್ಲ ನಿಧಾನದ್ದು ಕುಸುರೆಳ್ಳು. ಪೇಟೆಯಲ್ಲಿ ಪೊಟ್ಟಣ ಸಿಗುತ್ತದೆ, ನಿಜ. ಸಿಗಲಿ. ಮನೆಯಲ್ಲಿ ಮಾಡುವ ಬಗೆ ಹೀಗೆ: ಎಳ್ಳನ್ನು ನೆನೆಯಿಸಿ, ತಿಕ್ಕಿ, ಸಿಪ್ಪೆ ತೆಗೆದು, ಒಣಗಿಸಿ, ಹದವಾಗಿ ಹುರಿದುಕೊಳ್ಳಬೇಕು. ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಒಂದು ಚಮಚೆ ಹಾಲು ಬಿಟ್ಟರೆ ಕೊಳೆಯೆಲ್ಲ ಮೇಲಕ್ಕೆ ಬರುತ್ತದೆ. ಅದನ್ನು ತೆಗೆದು, ಸೋಸಿ, ತೆಳುವಾದ ಪಾಕ ಮಾಡಬೇಕು. ಶೆಗಡಿಯಲ್ಲಿ ಬೂದಿ ಮುಚ್ಚಿದ ಕೆಂಡ, ಅದರ ಮೇಲೆ ಅಗಲವಾದ ಹಿತ್ತಾಳೆಯ ಪರಾತ, ಪರಾತದಲ್ಲಿ ಒಂದು ಹಿಡಿ ಎಳ್ಳು. ಅದರ ಮೇಲೆ ಅರ್ಧ ಚಮಚೆ ಪಾಕ. ಕೂಡಲೇ ಬೆರಳ ತುದಿಗಳಿಂದ ಉರುಳಾಡಿಸತೊಡಗಬೇಕು. ಒಣಗಿದ ಮೇಲೆ ಇನ್ನರ್ಧ ಚಮಚೆ. ಅವಸರಪಟ್ಟು ಪಾಕ ಹೆಚ್ಚು ಸುರಿದಿರೋ, ಎಳ್ಳು ಒಂದಕ್ಕೊಂದು ಹತ್ತಿ ಗಡ್ಡೆಯಾಗುತ್ತದೆ. ಕೆಂಡ ಜೋರಾಯಿತೋ, ಬಿಳುಪು ಹೋಗಿ ಕಂದು ಬಣ್ಣ ಬರುತ್ತದೆ. ಮೊದಲ ಸಂಜೆ ಎಳ್ಳಿಗೆ ಬರಿಯ ಬಿಳಿಯ ಹೊದಿಕೆ. ಎರಡು ಮೂರು ಸಂಜೆ ಕಳೆದ ಮೇಲೆ ಮೈಮೇಲೆ ಸಣ್ಣ ಸಣ್ಣ ಗುಳ್ಳೆ. ಕೈ ಬಿಡದೆ ನಡೆಸಿದರೆ ಆ ಗುಳ್ಳೆಗಳೇ ಬೆಳೆದು ಮುಳ್ಳಾಗುತ್ತವೆ. ಆ ಮುಳ್ಳು ಒಣ ಚಳಿಯಲ್ಲಿ ಎದ್ದಷ್ಟು ಚೆನ್ನಾಗಿ ಮೋಡದ ದಿನ ಏಳುವುದಿಲ್ಲವೆಂದು ಮಾಡಿದವರು ಹೇಳುತ್ತಾರೆ. ಬೆರಳ ತುದಿ ಕೆಂಪಾಗುತ್ತದೆ, ಎದ್ದು ಹೋಗುವಂತಿಲ್ಲ. ಒಬ್ಬರು ದಣಿದಾಗ ಇನ್ನೊಬ್ಬರು ಕೈ ಹಾಕಬೇಕು. ಕೈ ಕೆಲಸದಲ್ಲಿ, ಮೈ ಕೆಂಡದ ಕಾವಿನಲ್ಲಿ, ಬಾಯಿ ಮಾತಿನಲ್ಲಿ. ಸೂರ್ಯಾಸ್ತದ ಮೇಲೆ ತಿನ್ನದವರು ರುಚಿ ನೋಡುವುದನ್ನು ನಾಳೆಗೆ ಇಟ್ಟುಕೊಂಡು ಮಾಡಲಿಕ್ಕೆ ಕೂಡಬಹುದು.

ನಡುವೆ ಒಂದು ಎಚ್ಚರಿಕೆ. ಕೆಂಡದ ಶೆಗಡಿಯಿದ್ದಲ್ಲಿ ಕಿಟಕಿ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ಬೆಚ್ಚಗಿರಲೆಂದು ಶೆಗಡಿಯನ್ನು ಮಲಗುವ ಕೋಣೆಗೆ ಒಯ್ಯುವ ರೂಢಿಯನ್ನು ಇಂದೇ ಬಿಡಿ.

ನಮ್ಮ ಓಣಿಯಲ್ಲಿ ಒಬ್ಬ ತಾಯಿ ಇದ್ದಾರೆ. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾದವು. ಮಕ್ಕಳು ದೂರದ ಊರುಗಳಲ್ಲಿ. ಒಂದು ಮಾಗಿಯಲ್ಲಿ ಅವರು ಸಂಜೆ ದೀಪ ಹಚ್ಚುವುದನ್ನೇ ಬಿಟ್ಟರು. ಮಧ್ಯಾಹ್ನ ಮಾಡಿದ ರೊಟ್ಟಿ ಹಾಗೆಯೇ ಉಳಿಯತೊಡಗಿತು. ಏನಾದರೂ ಹೊಲಿಯಿರಿ, ಓದಿರಿ, ಹೊತ್ತು ಹೋಗುತ್ತದೆ ಎಂದು ನಮ್ಮ ಮನೆಯವರು ಹೇಳಿದ್ದಕ್ಕೆ, “ಯಾರ ಸಲುವಾಗಿ ಮಾಡೂದ್ರಿ ಬಾಯಾರ? ಹೊತ್ತು ಹೋದ್ರ ಏನ್ ಆತು, ಉಳದ್ರ ಏನ್ ಆತು?” ಎಂದರು. ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟದ್ದು ಎದುರು ಮನೆಯ ಹುಡುಗಿ. ಆಕೆಯ ಅಕ್ಕನ ಕೂಸಿಗೆ ಅದು ಮೊದಲ ಸಂಕ್ರಾಂತಿ. ಕುಸುರೆಳ್ಳಿನ ಸರ, ಬಾಜುಬಂದಿ, ಕಿರೀಟ ತೊಡಿಸಿ, ತಲೆಯ ಮೇಲೆ ಬೋರೆಹಣ್ಣು, ಕಬ್ಬಿನ ತುಂಡು ಸುರಿಯುವ ಶಾಸ್ತ್ರವನ್ನು ನೀವು ಬಲ್ಲಿರಿ. “ಆಯಿ, ಕುಸುರೆಳ್ಳಿಗೆ ಮುಳ್ಳ ಏಳವಲ್ಲವು. ನೀ ಬಂದ ತೋರಸು” ಎಂದು ಕೈಹಿಡಿದು ಎಬ್ಬಿಸಿಕೊಂಡು ಹೋದಳು. ಆಯಿ ಮೊದಲು ಪಾಕವನ್ನು ಬೈದರು, ಆಮೇಲೆ ಕೆಂಡವನ್ನು, ಕಡೆಗೆ ಹುಡುಗಿಯನ್ನು. ಮರುದಿನ ತಾವೇ ತಮ್ಮ ಪರಾತ ಹಿಡಿದುಕೊಂಡು ಹೋದರು. ಹಬ್ಬದ ಮುಂಚಿನ ಎಂಟು ಹತ್ತು ಸಂಜೆ ಅವರ ಮನೆಯ ಬಾಗಿಲಿಗೆ ಬೀಗವಿತ್ತು; ಅದನ್ನು ಕಂಡು ನಮಗೆಲ್ಲ ಸಮಾಧಾನವಾಯಿತು.

ಹೊತ್ತು ಕಳೆಯಲೆಂದೇ ಮಾಡುವ ಕೆಲಸ ಬೇಸತ್ತ ಮನಸ್ಸನ್ನು ಹಿಡಿದು ನಿಲ್ಲಿಸಲಾರದೆಂಬುದು ಅಂದಿನಿಂದ ನನಗೆ ದೃಢವಾಯಿತು. ಆ ಕೆಲಸವನ್ನು ಯಾರೋ ಕಾದಿರಬೇಕು. ಇಂಥ ದಿನದೊಳಗೆ ಮುಗಿಯಬೇಕೆಂಬ ಗಡುವೂ ಇರಬೇಕು. ಕೌದಿ ಹೊಲಿಯುವುದನ್ನೇ ನೋಡಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಹೊಲಿಗೆ ನಡೆಸುವ ಈ ವಿದ್ಯೆ ಹುಟ್ಟಲಿರುವ ಕೂಸಿಗೆಂದೋ ಗಂಡನ ಮನೆಗೆ ಹೋಗುವ ಮಗಳಿಗೆಂದೋ ಆದಾಗ ಚುರುಕಾಗಿ ಸಾಗುತ್ತದೆ; “ಸುಮ್ಮನೆ ಒಂದು” ಎಂದು ಹಿಡಿದದ್ದು ಅಟ್ಟ ಸೇರುತ್ತದೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಮಾಡಿದ ಹೂವಿಡದೆ ಕೆಲಸ ಮುಗಿಯಿತೆನ್ನುವುದಿಲ್ಲ.

ಮಕ್ಕಳಿರುವ ಮನೆಯಲ್ಲಿ ಚೌಕಾಬಾರ ಹೂಡಬಹುದು. ಇಪ್ಪತ್ತೈದು ಮನೆ, ನಾಲ್ಕು ಕವಡೆ. ಖರ್ಚು ಒಂದು ಸೀಮೆಸುಣ್ಣದ ತುಂಡು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಪ್ರವೇಶವಿಲ್ಲವೆಂಬ ಕಟ್ಟಳೆಯಿರುವುದರಿಂದ ಎಷ್ಟೇ ಸಾಧುವಾದ ಅಜ್ಜನೂ ಮೊಮ್ಮಗನೊಡನೆ ಜಗಳಕ್ಕೆ ನಿಲ್ಲಲೇಬೇಕು. ಕವಡೆಗೆ ವಯಸ್ಸಿನ ಗೌರವ ತಿಳಿಯದು. ಏಳು ವರ್ಷದ ಹುಡುಗ ಎಪ್ಪತ್ತರ ಹಿರಿಯರನ್ನು ನ್ಯಾಯವಾಗಿ ಸೋಲಿಸಬಹುದಾದ ಜಾಗಗಳು ಲೋಕದಲ್ಲಿ ಹೆಚ್ಚಿಲ್ಲ.

ಓದಿ ಹೇಳುವ ಪದ್ಧತಿಯನ್ನು ಈ ಗಡಿಸೀಮೆ ಎರಡು ಭಾಷೆಗಳಲ್ಲಿ ಉಳಿಸಿಕೊಂಡಿತ್ತು. ಒಂದು ಮನೆಯಲ್ಲಿ ಜೈಮಿನಿ ಭಾರತ, ಪಕ್ಕದ ಮನೆಯಲ್ಲಿ ಶ್ರೀಧರ ಕವಿಯ ಮರಾಠಿ ಹರಿವಿಜಯ. ಕೇಳುವವರು ಇಬ್ಬರ ಮನೆಯಲ್ಲೂ ಅವರೇ. ಶ್ರಾವಣದಲ್ಲಿ ಓದಿ ಬಟ್ಟೆ ಸುತ್ತಿಟ್ಟ ಪೋಥಿಯನ್ನು ಮಾಗಿಯಲ್ಲಿ ಇನ್ನೊಮ್ಮೆ ಬಿಚ್ಚಿದರೆ ದೋಷವೇನೂ ಬರಲಾರದು. ಕಣ್ಣು ಮಂಜಾದವರಿಗೆ ಶಾಲೆಯ ಹುಡುಗರು ಓದಿ ಹೇಳಲಿ. ಹುಡುಗರ ಒತ್ತಕ್ಷರಗಳೂ ತಿದ್ದಿಯಾವು.

ಮೊಬೈಲ್ ಇರುವಾಗ ಇವೆಲ್ಲ ಏಕೆಂದು ಕೇಳುವವರಿದ್ದಾರೆ. ನನಗೆ ಆ ಯಂತ್ರದ ಮೇಲೆ ಹಗೆಯಿಲ್ಲ. ದೂರದ ಮಕ್ಕಳ ಮುಖ ಅದರಲ್ಲೇ ಕಾಣುವುದು. ಆದರೆ ಅದು ಕಣ್ಣನ್ನೂ ಬೇಡುತ್ತದೆ, ಕೈಯನ್ನೂ ಬೇಡುತ್ತದೆ. ಒಂದೇ ಕೋಣೆಯಲ್ಲಿರುವ ನಾಲ್ವರನ್ನು ನಾಲ್ಕು ಕೋಣೆಗೆ ಕಳಿಸುತ್ತದೆ. ರೇಡಿಯೋ ಕಿವಿಯನ್ನಷ್ಟೇ ಕೇಳುತ್ತದೆ. ಧಾರವಾಡದ ನಿಲಯ 1950ರ ಜನವರಿ 8ರಂದು, ಮಾಗಿಯಲ್ಲೇ, ಆರಂಭವಾಯಿತು. ಅದರ ಹಾಡು ಕೇಳುತ್ತ ಶೇಂಗಾ ಸುಲಿದ ಮನೆಗಳು ಈ ಭಾಗದಲ್ಲಿ ಎಷ್ಟೋ.

ಇಲ್ಲಿ ಒಂದು ಮಾತನ್ನು ಬೇರೆಯಾಗಿ ಹೇಳಬೇಕು. ಬೇಸರ ಬೇರೆ, ಕಾಯಿಲೆ ಬೇರೆ. ವಾರಗಟ್ಟಲೆ ನಿದ್ದೆಯಿಲ್ಲ, ಅನ್ನ ಸೇರದು, ಬದುಕು ಬೇಡವೆನ್ನುವ ಮಾತು ಬರುತ್ತಿದೆ ಎಂದಾದರೆ ಕುಸುರೆಳ್ಳು, ಕವಡೆಗಳನ್ನು ನಂಬಿ ಕೂಡಬಾರದು, ವೈದ್ಯರಲ್ಲಿಗೆ ಹೋಗಬೇಕು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. 2022ರಲ್ಲಿ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಖರ್ಚಿಲ್ಲದೆ ಫೋನು ಮಾಡಬಹುದು. ಹಿರಿಯರು ತಾವಾಗಿ ಮಾಡಲಾರರು. ಜೊತೆಯಲ್ಲಿ ಕುಳಿತು ನೀವು ಮಾಡಿಕೊಡಿ.

ಇನ್ನು ಸಂಕ್ರಾಂತಿಯ ತಯಾರಿ. ಹಬ್ಬ ಜನವರಿ 14 ಅಥವಾ 15ಕ್ಕೆ ಬರುತ್ತದೆ. ಹತ್ತು ಸಂಜೆ ಬೇಕೆಂದರೆ ಹೊಸ ವರುಷದ ಮೊದಲ ವಾರದಲ್ಲೇ ಶೆಗಡಿ ಹೂಡಬೇಕು. ಎಳ್ಳು ಅದಕ್ಕೂ ಮೊದಲೇ ತೊಳೆದು ಒಣಗಿರಬೇಕು. ಪರಾತ ಹಿತ್ತಾಳೆಯದಿರಲಿ, ತಳ ಸಮವಾಗಿರಲಿ. ನಿಮ್ಮಲ್ಲಿಲ್ಲದಿದ್ದರೆ ಓಣಿಯಲ್ಲಿ ಒಂಟಿಯಾಗಿರುವ ಹಿರಿಯರ ಮನೆಯ ಅಟ್ಟದ ಮೇಲೆ ಒಂದು ಇದ್ದೇ ಇರುತ್ತದೆ. ಅದನ್ನು ಕೇಳಲು ಹೋಗಿ. ಕೊಡುವವರನ್ನೂ ಕರೆದುಕೊಂಡು ಬನ್ನಿ.